ಕಡಲಪಾಚಿ ಅಕ್ವೇರಿಯಂ

ಕಡಲಪಾಚಿ ಅಕ್ವೇರಿಯಂ ಎಂಬುದು ಬರಿಗಣ್ಣಿಗೆ ಕಾಣುವ ದೊಡ್ಡ ಗಾತ್ರದ ಸಮುದ್ರಪಾಚಿಗಳನ್ನು ಮುಖ್ಯವಾಗಿ ಬೆಳೆಸುವ ಉಪ್ಪುನೀರಿನ ಗಾಜಿನ ತೊಟ್ಟಿಯಾಗಿದೆ. ಮೀನು ಅಥವಾ ಹವಳಕ್ಕೆ ಮೀಸಲಾದ ತೊಟ್ಟಿಗಳಲ್ಲಿ ಪಾಚಿಯನ್ನು ಸಾಮಾನ್ಯವಾಗಿ ಕಳೆಯೆಂದು ಕಿತ್ತುಹಾಕಲಾಗುತ್ತದೆ. ಇಲ್ಲಿ ಅದೇ ಪ್ರಧಾನ ಬೆಳೆ. ಕಡಲಪಾಚಿಗಳಿಗೆ ನೆಲದ ಸಸ್ಯಗಳಂತೆ ನಿಜವಾದ ಬೇರು, ಕಾಂಡ, ಎಲೆಗಳಿಲ್ಲ. ಅವು ಪೋಷಕಾಂಶಗಳನ್ನು ಬಹುಮಟ್ಟಿಗೆ ದೇಹದ ಮೇಲ್ಮೈಯ ಮೂಲಕ ನೀರಿನಿಂದಲೇ ಹೀರಿಕೊಳ್ಳುತ್ತವೆ. ಆದ್ದರಿಂದ ಇವುಗಳ ಪಾಲನೆಯೆಂದರೆ ಮುಖ್ಯವಾಗಿ ನೀರಿನ ಪಾಲನೆಯಾಗಿದೆ.

ಪಾಚಿಯ ಬಗೆಗಳು

ನೂಲಿನ ಉಂಡೆಯಂತೆ ಬೆಳೆಯುವ ಹಸಿರು ಬಣ್ಣದ ಕೀಟೊಮಾರ್ಫಾ ಹೊಸಬರಿಗೆ ಸುಲಭವಾದುದು. ಕರ್ನಾಟಕದ ಕರಾವಳಿಯ ಬಂಡೆಗಳ ಮೇಲೂ ಕಾಣಸಿಗುವ ಉಲ್ವಾ ತೆಳುವಾದ ಹಾಳೆಯಂತಿದ್ದು ಬೇಗ ಬೆಳೆಯುತ್ತದೆ. ಗ್ರಾಸಿಲೇರಿಯಾ ಕೆಂಪು ಪಾಚಿಗಳ ಗುಂಪಿಗೆ ಸೇರಿದ್ದು, ಅಗರ್ ತಯಾರಿಕೆಗೂ ಬಳಕೆಯಾಗುತ್ತದೆ. ಹ್ಯಾಲಿಮೀಡಾ ತನ್ನ ದೇಹದಲ್ಲಿ ಸುಣ್ಣದ ಅಂಶವನ್ನು ಶೇಖರಿಸುವುದರಿಂದ ನೀರಿನಲ್ಲಿ ಸಾಕಷ್ಟು ಕ್ಯಾಲ್ಸಿಯಂ ಇರಬೇಕಾಗುತ್ತದೆ.

ಸ್ಥಾಪನೆ

ಸಣ್ಣ ತೊಟ್ಟಿಗೆ 40ರಿಂದ 80 ಲೀಟರ್ ಗಾತ್ರ ಸಾಕು. ಆರ್.ಒ. ಯಂತ್ರದಲ್ಲಿ ಶುದ್ಧೀಕರಿಸಿದ ನೀರಿಗೆ ಅಕ್ವೇರಿಯಂಗೆಂದೇ ತಯಾರಿಸಿದ ಸಮುದ್ರ ಲವಣದ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಬೆರೆಸಲಾಗುತ್ತದೆ. ಆಗ ನೀರಿನ ಸಾಪೇಕ್ಷ ಸಾಂದ್ರತೆ 1.025ರ ಆಸುಪಾಸಿನಲ್ಲಿರಬೇಕು. ಅಡುಗೆ ಉಪ್ಪಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಮೊದಲಾದವು ತಕ್ಕ ಪ್ರಮಾಣದಲ್ಲಿ ಇಲ್ಲದ ಕಾರಣ ಅದನ್ನು ಬಳಸಬಾರದು. ಮರಳು, ಕಲ್ಲು ಮತ್ತು ನೀರನ್ನು ಚಲಿಸುವ ಪಂಪನ್ನು ಅಳವಡಿಸಿ, ಅಮೋನಿಯಾ ಹಾಗೂ ನೈಟ್ರೈಟ್ ಶೂನ್ಯಕ್ಕೆ ಇಳಿಯುವವರೆಗೆ ತೊಟ್ಟಿಗೆ ಪ್ರಾಣಿಗಳನ್ನು ಬಿಡಬಾರದು. ಇದಕ್ಕೆ ಸಾಮಾನ್ಯವಾಗಿ 4ರಿಂದ 6 ವಾರ ಹಿಡಿಯುತ್ತದೆ. ಉಷ್ಣವಲಯದ ಪಾಚಿಗಳಿಗೆ 24ರಿಂದ 26 ಡಿಗ್ರಿ ಸೆಲ್ಸಿಯಸ್ ಉಷ್ಣತೆ ಮತ್ತು ದಿನಕ್ಕೆ 10ರಿಂದ 12 ಗಂಟೆಗಳ ಬೆಳಕು ಹೊಂದುತ್ತದೆ. ಪಾಚಿಯನ್ನು ತಿನ್ನುವ ಮೀನು ಮತ್ತು ಕಡಲ ಮುಳ್ಳುಚೆಂಡುಗಳನ್ನು ಇಂತಹ ತೊಟ್ಟಿಯಲ್ಲಿ ಇಡುವುದಿಲ್ಲ.

ಪಾಲನೆ

ನೀರು ಆವಿಯಾದಾಗ ಲವಣ ತೊಟ್ಟಿಯಲ್ಲಿಯೇ ಉಳಿಯುತ್ತದೆ. ಆದ್ದರಿಂದ ಕಡಿಮೆಯಾದ ನೀರಿನ ಜಾಗಕ್ಕೆ ಉಪ್ಪುನೀರನ್ನಲ್ಲ, ಶುದ್ಧ ಸಿಹಿನೀರನ್ನು ತುಂಬಬೇಕು. ನೈಟ್ರೇಟ್ ಮತ್ತು ಫಾಸ್ಫೇಟ್ ಪಾಚಿಗೆ ಆಹಾರವಾಗಿರುವುದರಿಂದ ಅವು ಪೂರ್ತಿ ಇಲ್ಲವಾದರೆ ಪಾಚಿ ಬಿಳಿಚಿಕೊಂಡು ಕರಗುತ್ತದೆ. ಬೆಳೆದ ಪಾಚಿಯನ್ನು ಆಗಾಗ ಕತ್ತರಿಸಿ ಹೊರತೆಗೆಯುವುದು ಮುಖ್ಯ ಕೆಲಸ. ಹೀಗೆ ಮಾಡಿದಾಗ ಅದು ಹೀರಿಕೊಂಡ ಸಾರಜನಕ ಮತ್ತು ರಂಜಕ ತೊಟ್ಟಿಯಿಂದ ಹೊರಹೋಗುತ್ತವೆ. ಅಲ್ಲಿಯೇ ಕೊಳೆಯಲು ಬಿಟ್ಟರೆ ಅವು ಮತ್ತೆ ನೀರನ್ನು ಸೇರುತ್ತವೆ.

ಕೌಲರ್ಪಾ ಮತ್ತು ಪರಿಸರದ ಅಪಾಯ

ಕೌಲರ್ಪಾ ಕುಲದ ಪಾಚಿಗಳ ಇಡೀ ದೇಹ ಅನೇಕ ಕೋಶಕೇಂದ್ರಗಳುಳ್ಳ ಒಂದೇ ಜೀವಕೋಶ. ಸಂತಾನೋತ್ಪತ್ತಿಯ ವೇಳೆ ಅದು ತನ್ನ ಒಳದ್ರವ್ಯವನ್ನು ನೀರಿಗೆ ಬಿಟ್ಟು ಸಾಯುತ್ತದೆ. ಆಗ ನೀರು ಹಸಿರಾಗಿ ಕದಡಿ, ಆಮ್ಲಜನಕ ಕುಸಿದು, ತೊಟ್ಟಿಯ ಇತರ ಜೀವಿಗಳೂ ಸಾಯಬಹುದು.

ಈ ಕುಲದ ಕೌಲರ್ಪಾ ಟ್ಯಾಕ್ಸಿಫೋಲಿಯಾ 1984ರಲ್ಲಿ ಮೊನಾಕೊದ ಸಾಗರವಿಜ್ಞಾನ ವಸ್ತುಸಂಗ್ರಹಾಲಯದ ಸಮೀಪದ ಸಮುದ್ರದಲ್ಲಿ ಕಂಡುಬಂದು, ಮುಂದೆ ಮೆಡಿಟರೇನಿಯನ್ ತೀರದಲ್ಲಿ ವ್ಯಾಪಕವಾಗಿ ಹರಡಿತು. 2000ರಲ್ಲಿ ಅದು ಕ್ಯಾಲಿಫೋರ್ನಿಯಾದ ಅಗುವಾ ಹೆಡಿಯೊಂಡಾ ಹಿನ್ನೀರಿನಲ್ಲಿ ಪತ್ತೆಯಾಯಿತು. ಅಲ್ಲಿ ಪಾಚಿಯ ಮೇಲೆ ಟಾರ್ಪಾಲಿನ್ ಹೊದಿಸಿ, ಅದರಡಿ ಕ್ಲೋರಿನ್ ಹಾಯಿಸಲಾಯಿತು. ನಿರ್ಮೂಲನೆಯಾಯಿತೆಂದು ಘೋಷಿಸಲು 2006ರವರೆಗೆ ಕಾಯಬೇಕಾಯಿತು. ಈ ನಡುವೆ, 2001ರಲ್ಲಿ, ಆ ರಾಜ್ಯವು ಹಲವು ಕೌಲರ್ಪಾ ಪ್ರಭೇದಗಳ ಮಾರಾಟ ಮತ್ತು ಸಾಕಣೆಯನ್ನು ನಿಷೇಧಿಸಿತು.

ಕೌಲರ್ಪಾದ ಸಣ್ಣ ತುಣುಕೂ ಹೊಸ ಗಿಡವಾಗಿ ಬೆಳೆಯಬಲ್ಲದು. ಆದಕಾರಣ ಯಾವುದೇ ಬಗೆಯ ಪಾಚಿಯ ತುಣುಕುಗಳನ್ನಾಗಲಿ, ತೊಟ್ಟಿಯ ನೀರನ್ನಾಗಲಿ ಸಮುದ್ರ, ಹೊಳೆ ಅಥವಾ ಮಳೆನೀರಿನ ಚರಂಡಿಗೆ ಬಿಡಬಾರದು. ಕತ್ತರಿಸಿದ ಪಾಚಿಯನ್ನು ಚೀಲದಲ್ಲಿ ಬಿಗಿಯಾಗಿ ಕಟ್ಟಿ ಫ್ರೀಜರಿನಲ್ಲಿ ಕನಿಷ್ಠ 24 ಗಂಟೆ ಇಟ್ಟು, ಅನಂತರ ಮನೆಯ ಕಸದೊಂದಿಗೆ ವಿಲೇವಾರಿ ಮಾಡುವುದು ಸುರಕ್ಷಿತ ಕ್ರಮವಾಗಿದೆ.