ನಿಧಾನದ ಬುತ್ತಿ

ಹಿಮಾಲಯಕ್ಕೆ ಹೊರಟವರ ಮನೆಯಲ್ಲಿ, ಹೊರಡುವುದಕ್ಕೆ ತಿಂಗಳು ಮುಂಚಿತವಾಗಿಯೇ ಒಂದು ಕೋಣೆಯು ಜಾತ್ರೆಯ ಅಂಗಡಿಯ ರೂಪವನ್ನು ತಾಳುವುದುಂಟು: ಹೊಸ ಬೂಟುಗಳು, ಉಣ್ಣೆಯ ಟೋಪಿಗಳು, ಮಳೆಯಂಗಿ, ತಲೆಗೆ ಕಟ್ಟಿಕೊಳ್ಳುವ ದೀಪ, ನೆರೆಮನೆಯಾಕೆ ಅಕ್ಕರೆಯಿಂದ ತಂದುಕೊಟ್ಟ ಚಟ್ನಿಪುಡಿಯ ಡಬ್ಬಿ. ಈ ಸಂಭಾರದ ನಡುವೆ ಕುಳಿತು ಪಟ್ಟಿಯನ್ನು ಮೂರನೆಯ ಸಲ ತಾಳೆ ನೋಡುತ್ತಿರುವ ಗೃಹಸ್ಥನಿಗೆ, ತಾನು ಒಯ್ಯಬೇಕಾದವುಗಳಲ್ಲಿ ಅತ್ಯಾವಶ್ಯಕವಾದುದು ಯಾವ ಅಂಗಡಿಯಲ್ಲಿಯೂ ದೊರೆಯದೆ ತನ್ನ ಕಚೇರಿಯ ಮೇಲಧಿಕಾರಿಯ ಕೈಯಲ್ಲಿದೆಯೆಂಬ ಸಂಗತಿಯು ಸಾಮಾನ್ಯವಾಗಿ ಹೊಳೆಯುವುದಿಲ್ಲ. ಅದು ರಜೆ, ನಡೆಯುವುದಕ್ಕೆ ಬೇಕಾದ ರಜೆಯಷ್ಟೇ ಅಲ್ಲ, ಅದರ ಮೇಲೆ, ಮುಂದಕ್ಕೆ ಹೋಗದೆ ಸುಮ್ಮನೆ ಉಳಿಯುವುದಕ್ಕೆಂದು ಇನ್ನೂ ನಾಲ್ಕು ದಿನ.

ನೇಪಾಳದ ಖುಂಬು ಪ್ರದೇಶದಲ್ಲಿ ಎವರೆಸ್ಟಿನ ತಳಶಿಬಿರದವರೆಗೆ ಸಾಗುವ ಹಾದಿಯನ್ನೇ ತೆಗೆದುಕೊಳ್ಳೋಣ. 1953ರಲ್ಲಿ ಜಾನ್ ಹಂಟರ ನಾಯಕತ್ವದಲ್ಲಿ ತೇನ್‌ಸಿಂಗ್, ಹಿಲರಿ ಮೊದಲಾದವರು ಹೊರಟಾಗ, ಕಾಠ್ಮಂಡುವಿನ ಕಣಿವೆಯಿಂದ ತೆಂಗ್‌ಬೊಚೆಯ ಬೌದ್ಧವಿಹಾರದವರೆಗೆ ಎರಡು ವಾರಕ್ಕೂ ಮಿಕ್ಕು ಕಾಲ್ನಡಿಗೆಯಲ್ಲಿಯೇ ಹೋದರು. ಹೋದವರು ಅಲ್ಲಿಂದ ನೆಟ್ಟಗೆ ಶಿಖರಕ್ಕೆ ಕೈಹಾಕದೆ, ಸುತ್ತಣ ಗಿರಿಗಳನ್ನು ಹತ್ತಿಳಿಯುತ್ತ ಇನ್ನೂ ಕೆಲವು ವಾರಗಳನ್ನು ಕಳೆದರು. 1964ರಲ್ಲಿ ಲುಕ್ಲಾದಲ್ಲಿ ವಿಮಾನಪಟ್ಟಿಯೊಂದು ಸಿದ್ಧವಾದ ಮೇಲೆ ಈ ದೀರ್ಘವಾದ ಪೀಠಿಕೆಯು ಅಳಿದುಹೋಯಿತು. ಈಗ ಬೆಳಗಿನ ಉಪಾಹಾರವನ್ನು ಕಾಠ್ಮಂಡುವಿನಲ್ಲಿ ಮುಗಿಸಿದವನು ಅರ್ಧ ಗಂಟೆಯ ಹಾರಾಟದಲ್ಲಿ 2,860 ಮೀಟರ್ ಎತ್ತರದಲ್ಲಿ ಇಳಿಯುತ್ತಾನೆ. ಎತ್ತರಕ್ಕೆ ಮೈಯನ್ನು ಒಗ್ಗಿಸುವ, ಹಿಂದೆ ದಾರಿಯೇ ಪುಕ್ಕಟೆಯಾಗಿ ಕಲಿಸುತ್ತಿದ್ದ ಪಾಠವನ್ನು ಈಗ ನಾವು ದಿನಗಳನ್ನು ತೆತ್ತು ಕಲಿಯಬೇಕಾಗಿದೆ.

ಎತ್ತರದ ಗಾಳಿಯಲ್ಲಿ ಆಮ್ಲಜನಕದ ಪಾಲೇ ಕಡಮೆಯೆಂದು ಜನ ಹೇಳುವುದುಂಟು, ಅದು ಸರಿಯಲ್ಲ. ಬೆಂಗಳೂರಿನಲ್ಲಿರುವಂತೆಯೇ ಎವರೆಸ್ಟಿನ ಬುಡದಲ್ಲಿಯೂ ಗಾಳಿಯ ನೂರು ಪಾಲಿನಲ್ಲಿ 21 ಪಾಲು ಆಮ್ಲಜನಕವೇ. ಇಳಿಯುವುದು ವಾಯುವಿನ ಒತ್ತಡ. 5,500 ಮೀಟರಿನಲ್ಲಿ ಅದು ಸಮುದ್ರಮಟ್ಟದಲ್ಲಿರುವುದರ ಸುಮಾರು ಅರ್ಧದಷ್ಟಾಗುವುದರಿಂದ, 5,364 ಮೀಟರಿನಲ್ಲಿರುವ ತಳಶಿಬಿರದಲ್ಲಿ ನಾವು ಎಳೆದುಕೊಳ್ಳುವ ಒಂದೊಂದು ಉಸಿರೂ ಹೆಚ್ಚುಕಡಮೆ ಅರೆಯುಸಿರೇ ಸರಿ. ದೇಹವು ಈ ಕೊರತೆಯನ್ನು ಅರಿತು ಶ್ವಾಸವನ್ನು ಆಳವಾಗಿಸುತ್ತದೆ. ಹಾಗೆ ಹೆಚ್ಚಾಗಿ ಉಸಿರಾಡಿದುದರ ಫಲವಾಗಿ ರಕ್ತದಲ್ಲಿ ತಪ್ಪಿದ ಆಮ್ಲ-ಕ್ಷಾರಗಳ ಸಮತೋಲವನ್ನು ಮೂತ್ರಪಿಂಡಗಳು ದಿನಗಟ್ಟಲೆ ಕುಳಿತು ತಿದ್ದುತ್ತವೆ. ಕೆಂಪು ರಕ್ತಕಣಗಳು ಸಾಕಷ್ಟು ವೃದ್ಧಿಯಾಗುವುದಕ್ಕಂತೂ ವಾರಗಳೇ ಬೇಕು. ಈ ಕಾರ್ಯಕ್ಕೆ ತೋಳ್ಬಲದ ಶಿಫಾರಸು ನಡೆಯದು. ತಗ್ಗುನಾಡಿನಿಂದ ಹಿಮಾಲಯದ ಎತ್ತರಕ್ಕೆ ಬಂದು ಕಾಯಿಲೆ ಬಿದ್ದ 1,925 ಮಂದಿ ಭಾರತೀಯ ಸೈನಿಕರನ್ನು ಪರೀಕ್ಷಿಸಿ ನಮ್ಮ ಸೇನೆಯ ವೈದ್ಯರು 1969ರಲ್ಲಿ ಪ್ರಕಟಿಸಿದ ಪ್ರಬಂಧವು ಎತ್ತರವು ತರುವ ಈ ರೋಗದ ಅಧ್ಯಯನದಲ್ಲಿ ಇಂದಿಗೂ ಸ್ಮರಣೀಯವಾದುದು. ಕವಾಯತಿನಲ್ಲಿ ಪಳಗಿದ ಸೈನಿಕನಿಗೇ ಇಲ್ಲದ ವಿನಾಯಿತಿ, ಭಾನುವಾರಗಳಲ್ಲಿ ಮಾತ್ರ ನಂದಿಬೆಟ್ಟ ಹತ್ತುವ ನಮಗೆಲ್ಲಿಂದ ಬಂದೀತು? ಬಲಿಷ್ಠನಾದ ತರುಣನೇ ಒಮ್ಮೊಮ್ಮೆ ಮೊದಲು ಮಲಗುವುದಕ್ಕೆ ಕಾರಣ, ಅವನ ಕಾಲುಗಳು ಅವನ ರಕ್ತಕ್ಕಿಂತ ಮುಂಚಿತವಾಗಿ ಊರು ಸೇರುವುದೇ ಆಗಿದೆ.

ಆದುದರಿಂದ ಪಯಣದ ಯೋಜನೆಯೆಂದರೆ ಮುಖ್ಯವಾಗಿ ಎಲ್ಲೆಲ್ಲಿ ಮಲಗಬೇಕೆಂಬುದರ ಯೋಜನೆ. 3,000 ಮೀಟರ್ ದಾಟಿದ ಬಳಿಕ, ಮಲಗುವ ಎತ್ತರವನ್ನು ದಿನಕ್ಕೆ 500 ಮೀಟರಿಗಿಂತ ಹೆಚ್ಚಿಸಬಾರದು. ಮೂರು ನಾಲ್ಕು ದಿನಗಳಿಗೊಮ್ಮೆ ಒಂದೇ ಎಡೆಯಲ್ಲಿ ಎರಡು ರಾತ್ರಿ ಉಳಿಯಬೇಕು. 2,610 ಮೀಟರಿನ ಫಾಕ್‌ದಿಂಗ್‌ನಿಂದ 3,440 ಮೀಟರಿನ ನಾಮ್ಚೆ ಬಜಾರನ್ನು ಒಂದೇ ಹಗಲಿನಲ್ಲಿ ಏರಿದವನು ಅಲ್ಲಿ ಎರಡು ರಾತ್ರಿ ತಂಗಿ ಆ ಸಾಲವನ್ನು ತೀರಿಸತಕ್ಕದ್ದು. 4,410 ಮೀಟರಿನ ದಿಂಗ್‌ಬೊಚೆಯಲ್ಲಿಯೂ ಹಾಗೆಯೇ. ತಂಗುವುದೆಂದರೆ ಹೊದ್ದು ಮಲಗುವುದಲ್ಲ. ನಾಮ್ಚೆಯ ಬೆನ್ನಿಗಿರುವ ಸ್ಯಾಂಗ್‌ಬೊಚೆಯ ದಿಬ್ಬವನ್ನೇರಿ, ಎವರೆಸ್ಟಿನ ತುದಿಯನ್ನು ಕಣ್ಣಾರೆ ನೋಡಿ, ಸಂಜೆಗೆ ಕೆಳಗಿಳಿದು ಮಲಗಿದರೆ ದೇಹಕ್ಕೆ ಮುಂದಿನ ಎತ್ತರದ ಪರಿಚಯವಾಗುತ್ತದೆ.

ನಾನು ಮೊದಲ ಸಲ ಹೋದಾಗ ಹೀಗೆ ತಂಗುವ ದಿನವನ್ನು ದಂಡವೆಂದೇ ಭಾವಿಸಿದ್ದೆ. ದಿಂಗ್‌ಬೊಚೆಯಲ್ಲಿ ತಲೆನೋವು ಕಾಣಿಸಿಕೊಂಡಾಗ, ಬಿಸಿಲಿನಿಂದ ಬಂದದ್ದೆಂದು ಹೇಳಿ ಅದನ್ನು ಬಚ್ಚಿಟ್ಟೆ. ನಮ್ಮ ಮಾರ್ಗದರ್ಶಿಯು, ಏನೂ ಮಾತನಾಡದೆ, ಅಂಗಳದ ಮಣ್ಣಿನಲ್ಲಿ ಕೋಲಿನಿಂದ ಗೆರೆಯೊಂದನ್ನು ಎಳೆದು, ಹಿಮ್ಮಡಿಗೆ ಹೆಬ್ಬೆರಳು ತಗಲುವಂತೆ ಅದರ ಮೇಲೆ ನಡೆಯೆಂದು ನನಗೆ ಸನ್ನೆ ಮಾಡಿದನು. ಎತ್ತರದ ಕಾಯಿಲೆ ಬಲಿತು ಮಿದುಳಿಗೆ ನೀರು ತುಂಬಿಕೊಂಡವನಿಗೆ ಈ ಗೆರೆಯ ಮೇಲೆ ನೆಟ್ಟಗೆ ನಡೆಯಲಾಗದು. ಅವನನ್ನು, ಅದು ನಡುರಾತ್ರಿಯೇ ಆಗಿರಲಿ, ತಡಮಾಡದೆ ಕೆಳಗಿಳಿಸುವುದೊಂದೇ ನಿಜವಾದ ಚಿಕಿತ್ಸೆ. ನಾನು ತಪ್ಪದೆ ನಡೆದೆನಾದರೂ, ತಲೆನೋವು ಪೂರ್ತಿಯಾಗಿ ಇಳಿಯುವತನಕ ಆತನು ನನ್ನನ್ನು ಮೇಲಕ್ಕೆ ಬಿಡಲಿಲ್ಲ. “ಬಿಸ್ತಾರೈ, ಬಿಸ್ತಾರೈ” ಎಂದಷ್ಟೇ ಹೇಳಿದನು. ನಿಧಾನವಾಗಿ ಎಂದು ಅದರ ಅರ್ಥ. ಡಯಾಮಾಕ್ಸ್ ಮಾತ್ರೆಯು ದೇಹದ ಹೊಂದಿಕೆಯನ್ನು ಚುರುಕುಗೊಳಿಸುವುದು ದಿಟ. ಆದರೆ ಅದನ್ನು ಊರಿನಲ್ಲಿಯೇ ವೈದ್ಯರನ್ನು ಕೇಳಿ ಒಯ್ಯಬೇಕು, ಮತ್ತು ಅದನ್ನು ನುಂಗಿ ಒಂದು ದಿನವನ್ನು ಉಳಿಸಿದೆನೆಂದು ಹಿಗ್ಗಬಾರದು.

ಕಾಲುಗಳ ಸಿದ್ಧತೆ ಬೇಡವೆಂದು ಇದರ ತಾತ್ಪರ್ಯವಲ್ಲ. ಮೈಸೂರಿನವರಿಗೆ ಚಾಮುಂಡಿಬೆಟ್ಟದ ಮೆಟ್ಟಿಲುಗಳಿಗಿಂತ ಒಳ್ಳೆಯ ಗರಡಿಮನೆ ಬೇರೆ ಬೇಡ. ಬೆನ್ನಿಗೆ ಆರೇಳು ಕಿಲೋ ಭಾರವನ್ನು ಕಟ್ಟಿಕೊಂಡು ಎರಡು ಮೂರು ತಿಂಗಳು ಹತ್ತಿದರೆ ಸಾಕು. ಆದರೆ ಹತ್ತಿ, ದೇವಿಯ ದರ್ಶನ ಮಾಡಿ, ಬಸ್ಸಿನಲ್ಲಿ ಇಳಿದುಬರುವ ಅಭ್ಯಾಸವನ್ನು ಬಿಡಬೇಕು, ಏಕೆಂದರೆ ಮೊಣಕಾಲಿನ ಪರೀಕ್ಷೆಯು ಇಳಿತದಲ್ಲಿಯೇ ನಡೆಯುವುದು. ಬೂಟುಗಳನ್ನು ಇಲ್ಲಿಯೇ ಮೆಟ್ಟಿ ಪಳಗಿಸಬೇಕು. ಹೊರಡುವ ಮುನ್ನ ಕಾಲುಗುರುಗಳನ್ನು ಕತ್ತರಿಸಬೇಕು. ಉಗುರಿನ ಮಾತು ಕ್ಷುಲ್ಲಕವೆನ್ನುವವರು, ನಾಮ್ಚೆಯಿಂದ ಕೆಳಗಿಳಿಯುವಾಗ ಹೆಜ್ಜೆಹೆಜ್ಜೆಗೂ ಹೆಬ್ಬೆರಳು ಬೂಟಿನ ಮೂತಿಗೆ ಬಡಿಯುವ ಸುಖವನ್ನು ಒಮ್ಮೆ ಅನುಭವಿಸಲಿ.

ಬಟ್ಟೆಯ ವಿಷಯದಲ್ಲಿ ಒಂದೇ ಮಾತು: ಬೆವರನ್ನು ಹೀರಿ ತಣ್ಣಗಾಗುವ ಹತ್ತಿಯನ್ನು ಮನೆಯಲ್ಲಿ ಬಿಟ್ಟು, ಪದರ ಪದರವಾಗಿ ಉಣ್ಣೆಯನ್ನು ಒಯ್ಯುವುದು. ನೀರಿನ ವಿಷಯದಲ್ಲಿ ಮಾತ್ರ ಸ್ವಲ್ಪ ನಿಲ್ಲಬೇಕು. 1953ರ ತಂಡದಲ್ಲಿದ್ದ ಶರೀರವಿಜ್ಞಾನಿ ಗ್ರಿಫಿತ್ ಪ್ಯೂ, ಎತ್ತರದ ಶುಷ್ಕ ವಾಯುವಿನಲ್ಲಿ ಉಸಿರಿನೊಡನೆಯೇ ಎಷ್ಟು ನೀರು ಹೊರಟುಹೋಗುವುದೆಂಬುದನ್ನು ಮನಗಂಡು, ಆರೋಹಿಗಳು ಧಾರಾಳವಾಗಿ ದ್ರವವನ್ನು ಕುಡಿಯುವಂತೆ ಒತ್ತಾಯಿಸಿದನು. ದಿನಕ್ಕೆ ಮೂರು ಲೀಟರ್ ಕುಡಿದವನು ಕೊರೆಯುವ ಚಳಿಯಲ್ಲಿ ರಾತ್ರಿ ಎರಡು ಸಲ ಹೊದಿಕೆಯಿಂದ ಹೊರಬರಬೇಕಾಗುವುದು; ಬಂದಾಗ ನಕ್ಷತ್ರಗಳನ್ನು ನೋಡಿಕೊಳ್ಳಬಹುದು. ಅನ್ನವೂ ಅಲ್ಲಿ ಸುಲಭಸಾಧ್ಯವಲ್ಲ: 5,000 ಮೀಟರಿನಲ್ಲಿ ನೀರು ಸುಮಾರು 83 ಡಿಗ್ರಿಗೇ ಕುದಿಯುವುದರಿಂದ ಪ್ರೆಶರ್ ಕುಕ್ಕರಿಲ್ಲದೆ ಬೇಳೆ ಬೇಯದು. ಹಸಿವು ಸಾಯುವ ಆ ಎತ್ತರದಲ್ಲಿ ದಾಲ್-ಭಾತಿನ ಮೇಲೆ ಉದುರಿಸಿದ ಚಟ್ನಿಪುಡಿಯು ನಾಲಗೆಯನ್ನು ಎಬ್ಬಿಸಿದ್ದನ್ನು ಕಂಡ ಮೇಲೆ, ನೆರೆಮನೆಯಾಕೆಯ ಡಬ್ಬಿಯನ್ನು ಹೊರೆಯೆಂದು ಗೊಣಗಿದ ನಾನು ಮನಸ್ಸಿನಲ್ಲಿಯೇ ಕ್ಷಮೆ ಬೇಡಿದೆ.

ರಜೆಗೆ ಸೇರಿಸಿಕೊಂಡ ಆ ನಾಲ್ಕು ದಿನಗಳಲ್ಲಿ ಎರಡು ಹೀಗೆ ನಾಮ್ಚೆ, ದಿಂಗ್‌ಬೊಚೆಗಳಿಗೆ ಸಂದವು. ಉಳಿದೆರಡು ಲುಕ್ಲಾದ ಮೋಡಗಳ ಪಾಲು. ಅರ್ಧ ಕಿಲೋಮೀಟರಿಗಿಂತ ತುಸುವೇ ಹೆಚ್ಚು ಉದ್ದವಾಗಿ, ಒಂದು ತುದಿಯಲ್ಲಿ ಬೆಟ್ಟದ ಗೋಡೆಯೂ ಇನ್ನೊಂದು ತುದಿಯಲ್ಲಿ ಕಣಿವೆಯೂ ಇರುವ ಆ ಇಳಿಜಾರು ಪಟ್ಟಿಯ ಮೇಲೆ, ಕಣ್ಣಿಗೆ ದಾರಿ ಕಾಣದಿದ್ದರೆ ಯಾವ ವಿಮಾನವೂ ಇಳಿಯದು. ಹಿಂತಿರುಗುವಾಗ ನಾವು ಎರಡು ಹಗಲು ಅಲ್ಲಿಯೇ ಕಾದೆವು. ಜೊತೆಯಲ್ಲಿದ್ದ ಗೆಳೆಯರು ಮರುದಿನದ ಕಚೇರಿಯನ್ನು ನೆನೆದು ಗಳಿಗೆಗೊಮ್ಮೆ ಆಕಾಶವನ್ನು ಶಪಿಸುತ್ತಿದ್ದರು. ರಜೆಯ ಅರ್ಜಿಯಲ್ಲಿ ಈ ಎರಡು ದಿನಗಳನ್ನೂ ಬರೆದಿದ್ದ ನಾನು, ಚಹದಂಗಡಿಯ ಒಲೆಯ ಪಕ್ಕದಲ್ಲಿ ಕಾಲುಚಾಚಿ, ಡಬ್ಬಿಯ ತಳದಲ್ಲಿ ಉಳಿದಿದ್ದ ಚಟ್ನಿಪುಡಿಯನ್ನು ಅಂಗಡಿಯ ಯಜಮಾನಿಯ ತಟ್ಟೆಗೆ ಬಡಿಸುತ್ತಿದ್ದೆ.