ಉಸಿರು ಸರಾಗವಾದ ದಿನವೂ ಔಷಧಿ

ಮೃಗಶಿರಾ ಮಳೆ ಕೂಡುವ ಹೊತ್ತಿಗೆ, ಅಂದರೆ ಜೂನ್ 8ರ ಆಸುಪಾಸಿನಲ್ಲಿ, ಹೈದರಾಬಾದಿನ ನಾಂಪಲ್ಲಿ ವಸ್ತುಪ್ರದರ್ಶನ ಮೈದಾನದಲ್ಲಿ ದಮ್ಮಿನವರ ಸಾಲು ಬೆಳೆಯುತ್ತದೆ. ಜೀವಂತ ಮರಿಮೀನಿನ ಬಾಯಿಗೆ ಹಳದಿ ಲೇಹ ತುಂಬಿ ನುಂಗಿಸುವ ಬತ್ತಿನಿ ಮನೆತನದ ಔಷಧಿಗೆ ಕರ್ನಾಟಕದಿಂದಲೂ ಜನ ಹೋಗುತ್ತಾರೆ. ಮೀನು ಮುಟ್ಟದವರಿಗೆ ಅದೇ ಲೇಹ ಬೆಲ್ಲದಲ್ಲಿ.

ಅವರನ್ನು ನೋಡಿ ನಗುವುದು ಸುಲಭ. ಆದರೆ ‘ಗುಣವಾಯಿತು’ ಎನ್ನುವವರು ಸುಳ್ಳು ಹೇಳುತ್ತಿರುವುದಿಲ್ಲ. ಅಸ್ತಮಾದ ಸ್ವಭಾವವೇ ಏರಿಳಿತ. ಕೆಲವೊಮ್ಮೆ ತಿಂಗಳುಗಟ್ಟಲೆ ಅದರ ಸುಳಿವೇ ಇರುವುದಿಲ್ಲ. ಉಬ್ಬಸ ಜೋರಾದಾಗ ಮನುಷ್ಯ ಔಷಧಿ ಹುಡುಕುತ್ತಾನೆ, ಅದು ತಾನಾಗಿ ಇಳಿದಾಗ ಆ ಹೊತ್ತಿಗೆ ಕೈಯಲ್ಲಿದ್ದುದಕ್ಕೆ ಹೆಸರು ಬರುತ್ತದೆ. ಮೀನಿಗೂ ಬಂದಿದೆ, ಕಷಾಯಕ್ಕೂ ಬಂದಿದೆ, ಬೀದಿ ಕೊನೆಯ ಕ್ಲಿನಿಕ್ಕಿನ ಡೆರಿಫಿಲಿನ್ ಇಂಜೆಕ್ಷನ್ನಿಗೂ ಬಂದಿದೆ.

ತೊಂದರೆ ಇಲ್ಲದ ದಿನಗಳಲ್ಲೂ ಶ್ವಾಸನಾಳದ ಒಳಪದರ ಊದಿಕೊಂಡೇ ಇರಬಹುದು. ದೂಳು, ಹೊಗೆ, ನೆಗಡಿಯ ವೈರಸ್, ಯಾವುದಾದರೂ ತಗುಲಿದರೆ ಸಾಕು, ನಾಳದ ಸುತ್ತಲಿನ ಸ್ನಾಯು ಬಿಗಿಯುತ್ತದೆ, ಅಂಟು ಕಫ ತುಂಬುತ್ತದೆ. ಒಳಗೆ ಹೋದ ಗಾಳಿ ಹೊರಬರಲು ಹೆಣಗುವಾಗಿನ ಸದ್ದೇ ಆ ಸುಯ್‌ಗುಟ್ಟುವಿಕೆ. ಬೆಳಗಿನ ಜಾವ ಎದೆ ಬಿಗಿದು ಎದ್ದು ಕೂರುವವರಿಗೆ ಇದನ್ನು ವಿವರಿಸಬೇಕಿಲ್ಲ.

ಸಾಮಾನ್ಯವಾಗಿ ನೀಲಿ ಬಣ್ಣದಲ್ಲಿ ಸಿಗುವ ಸಾಲ್ಬುಟಮಾಲ್ ಪಂಪ್ ಬಿಗಿದ ಸ್ನಾಯುವನ್ನು ಕೆಲವೇ ನಿಮಿಷಗಳಲ್ಲಿ ಸಡಿಲಿಸುತ್ತದೆ. ಊತದ ಗೊಡವೆಗೆ ಅದು ಹೋಗುವುದಿಲ್ಲ. ಊತ ಇಳಿಸುವುದು ಬುಡೆಸೊನೈಡ್‌ನಂಥ ಸ್ಟೀರಾಯ್ಡ್ ಪಂಪ್. ಆದರೆ ಅದರ ಕೆಲಸ ದಿನಗಳು, ವಾರಗಳ ಲೆಕ್ಕದ್ದು. ಎಳೆದ ತಕ್ಷಣ ಏನೂ ಅನಿಸುವುದಿಲ್ಲ. ಹಾಗಾಗಿ ಜನ ನೀಲಿಯನ್ನು ಜೇಬಿನಲ್ಲಿಟ್ಟುಕೊಂಡು, ಇನ್ನೊಂದನ್ನು ಆರಾಮಾದ ಮರುದಿನವೇ ಬಿಡುತ್ತಾರೆ. ನನ್ನ ಮಟ್ಟಿಗೆ ಮೀನಿಗಿಂತ ದೊಡ್ಡ ಅಪಾಯ ಇದೇ. ಅಸ್ತಮಾ ಚಿಕಿತ್ಸೆಗೆ ಮಾರ್ಗಸೂಚಿ ರೂಪಿಸುವ ಅಂತರರಾಷ್ಟ್ರೀಯ ಸಂಸ್ಥೆ ‘ಜಿನಾ’ 2019ರಲ್ಲಿ ತನ್ನ ಹಳೆಯ ಸಲಹೆಯನ್ನೇ ಬದಲಿಸಿತು: ಹದಿಹರೆಯದವರು ಮತ್ತು ದೊಡ್ಡವರು ನೀಲಿ ಪಂಪ್ ಒಂದನ್ನೇ ನೆಚ್ಚಿಕೊಳ್ಳಬಾರದು. ಸ್ಟೀರಾಯ್ಡ್ ಮತ್ತು ಸ್ನಾಯು ಸಡಿಲಿಸುವ ಫಾರ್ಮೊಟೆರಾಲ್ ಎರಡೂ ಇರುವ ಒಂದೇ ಪಂಪನ್ನು ದಿನಬಳಕೆಗೂ ತುರ್ತಿಗೂ ವೈದ್ಯರು ಈಗ ಬರೆದುಕೊಡುವುದು ಇದರಿಂದಲೇ.

‘ಪಂಪ್ ಹಿಡಿದರೆ ಬಿಡಕ್ಕಾಗಲ್ಲ’, ‘ಅದು ಕೊನೇ ಹಂತದವರಿಗೆ’, ‘ಹೆಣ್ಣುಮಗು, ನಾಳೆ ಗಂಡಿನವರು ನೋಡಿದರೆ?’ ಈ ಮಾತುಗಳು ಓದಿದವರ ಮನೆಯಲ್ಲೂ ಕೇಳುತ್ತವೆ. ಲೆಕ್ಕ ನೋಡಿ. ಸಾಲ್ಬುಟಮಾಲ್ ಮಾತ್ರೆಯಲ್ಲಿ 2 ಅಥವಾ 4 ಮಿಲಿಗ್ರಾಂ ಔಷಧಿ. ಪಂಪಿನ ಒಂದು ಪಫ್‌ನಲ್ಲಿ 100 ಮೈಕ್ರೊಗ್ರಾಂ, ಅಂದರೆ ಇಪ್ಪತ್ತನೆಯ ಅಥವಾ ನಲವತ್ತನೆಯ ಒಂದು ಪಾಲು. ಮಾತ್ರೆ ಮೈಯೆಲ್ಲ ಸುತ್ತಿ ಕೈ ನಡುಗಿಸುತ್ತದೆ, ಎದೆ ಡವಗುಟ್ಟಿಸುತ್ತದೆ. ಪಂಪಿನದು ನೇರ ಶ್ವಾಸನಾಳಕ್ಕೆ. ಸ್ಟೀರಾಯ್ಡಿಗೆ ಹೆದರಿ ಪಂಪ್ ಬಿಟ್ಟವರು ಉಲ್ಬಣಿಸಿದಾಗ ನುಂಗಬೇಕಾಗುವುದೂ ಸ್ಟೀರಾಯ್ಡೇ, ಅದೂ ಭಾರಿ ಪ್ರಮಾಣದ ಮಾತ್ರೆಯಲ್ಲಿ. ಅಂದಹಾಗೆ, 1956ರಲ್ಲಿ ಅಮೆರಿಕದಲ್ಲಿ ಮಾರುಕಟ್ಟೆಗೆ ಬಂದ ಮೊದಲ ಪಂಪಿನ ಹಿಂದೆ ಇದ್ದದ್ದು ಔಷಧ ಕಂಪನಿಯ ಮುಖ್ಯಸ್ಥನ ಹದಿಮೂರರ ಮಗಳು: ತಲೆಗೂದಲಿಗೆ ಹೊಡೆಯುವ ಸ್ಪ್ರೇಯಂತೆ ನನ್ನ ಔಷಧಿ ಯಾಕೆ ಬರಬಾರದು ಎಂದು ಕೇಳಿದವಳು.

ಎಳೆಯುವ ಕ್ರಮ ತಪ್ಪಿದರೆ ಔಷಧಿ ಗಂಟಲಲ್ಲೇ ಉಳಿಯುತ್ತದೆ. ಪಂಪ್ ಕುಲುಕಿ, ಉಸಿರು ಪೂರ್ತಿ ಬಿಟ್ಟು, ನಿಧಾನಕ್ಕೆ ಎಳೆಯಲು ತೊಡಗಿದಾಗ ಒತ್ತಬೇಕು. ಆಮೇಲೆ ಹತ್ತು ಎಣಿಸುವಷ್ಟು ಹೊತ್ತು ಉಸಿರು ಹಿಡಿಯಬೇಕು. ಈ ಹೊಂದಾಣಿಕೆ ಮಕ್ಕಳಿಗೆ, ಮುದುಕರಿಗೆ ಕಷ್ಟ. ಅವರಿಗೆ ಪಂಪಿನ ಬಾಯಿಗೆ ಜೋಡಿಸುವ ಕೊಳವೆ, ಅಂದರೆ ಸ್ಪೇಸರ್, ಬೇಕೇ ಬೇಕು. ಕ್ಯಾಪ್ಸೂಲ್ ಹಾಕುವ ರೋಟಾಹೇಲರ್‌ನಲ್ಲಿ ಇದು ಉಲ್ಟಾ, ಜೋರಾಗಿ ಎಳೆಯಬೇಕು. ಸ್ಟೀರಾಯ್ಡ್ ಎಳೆದ ಮೇಲೆ ಬಾಯಿ ಮುಕ್ಕಳಿಸದಿದ್ದರೆ ನಾಲಗೆಯ ಮೇಲೆ ಬಿಳಿ ಬೂಷ್ಟು ಕಟ್ಟಬಹುದು.

ಇನ್ನು ಪಥ್ಯ. ಮಗುವಿಗೆ ಬಾಳೆಹಣ್ಣು, ಮೊಸರು ಬಂದ್ ಮಾಡಿ ಅದೇ ಕೋಣೆಯಲ್ಲಿ ಸೊಳ್ಳೆಬತ್ತಿ ಹಚ್ಚಿಡುವ ಮನೆಗಳಿವೆ! ನಿಜವಾದ ಆಹಾರ ಅಲರ್ಜಿ ಇದ್ದವರ ಮಾತು ಬೇರೆ, ಉಳಿದವರಿಗೆ ಬಾಳೆಹಣ್ಣಿನಿಂದ ಕೇಡಿಲ್ಲ. ಕೇಡಿರುವುದು ಬತ್ತಿ, ಊದುಬತ್ತಿ, ಸೌದೆಒಲೆ, ಬೀಡಿ ಹೊಗೆಯಲ್ಲಿ, ಹಾಸಿಗೆಯ ದೂಳಿನ ನುಸಿಯಲ್ಲಿ, ಜಿರಳೆಯಲ್ಲಿ. ಬೆಂಗಳೂರಿನ ಮಕ್ಕಳ ವೈದ್ಯ ಡಾ. ಎಚ್. ಪರಮೇಶ್ ತಮ್ಮ ಆಸ್ಪತ್ರೆಗೆ ಬಂದ ಮಕ್ಕಳ ದಾಖಲೆ ತೆಗೆದು ನೋಡಿದಾಗ, 1979ರಲ್ಲಿ ಶೇ 9ರಷ್ಟಿದ್ದ ಅಸ್ತಮಾ 1999ಕ್ಕೆ ಶೇ 29.5ಕ್ಕೆ ಏರಿತ್ತು. ಆ ಇಪ್ಪತ್ತು ವರ್ಷಗಳಲ್ಲಿ ಊರಿನಲ್ಲಿ ಹೆಚ್ಚಿದ್ದು ವಾಹನ, ಬಾಳೆಹಣ್ಣಲ್ಲ.

ಒಂದು ವಾಕ್ಯ ಪೂರ್ತಿ ಹೇಳಲಾಗದಷ್ಟು ಏದುಸಿರು, ನೀಲಿಗಟ್ಟಿದ ತುಟಿ, ಪಂಪ್ ಎಳೆದರೂ ಇಳಿಯದ ಉಬ್ಬಸ, ಇವು ಕಂಡರೆ ಬೆಳಗಾಗಲಿ ಎಂದು ಕಾಯಬಾರದು. ಅಷ್ಟು ಹೊತ್ತು ಇದ್ದ ಸುಯ್ ಸದ್ದು ನಿಂತಿತೆಂದು ಸಮಾಧಾನವೂ ಬೇಡ. ಗಾಳಿಯೇ ಓಡಾಡದಷ್ಟು ನಾಳ ಮುಚ್ಚಿದಾಗಲೂ ಸದ್ದು ನಿಲ್ಲುತ್ತದೆ. 108ಕ್ಕೆ ಕರೆ ಮಾಡಿ, ರೋಗಿಯನ್ನು ಮಲಗಿಸದೆ ಕೂರಿಸಿ, ಆಂಬುಲೆನ್ಸ್ ಬರುವವರೆಗೆ ಸ್ಪೇಸರ್ ಮೂಲಕ ಸಾಲ್ಬುಟಮಾಲ್ ಒಂದೊಂದೇ ಪಫ್ ಕೊಡುತ್ತಿರಿ.