ಬಂದವರು ಕಟ್ಟಿದ ಊರು

ಬೀದರದ ಹಳೇ ಊರಿನ ನಟ್ಟನಡುವೆ ನಿಂತಿರುವ ಚೌಬಾರಾ 71 ಅಡಿ ಎತ್ತರದ ದುಂಡು ಗೋಪುರ. ನಾಲ್ಕು ದಿಕ್ಕಿನ ರಸ್ತೆಗಳು ಇಲ್ಲಿ ಬಂದು ಕೂಡುತ್ತವೆ. ಭಾನುವಾರ ಬೆಳಿಗ್ಗೆ ಇದರ ಬುಡದಲ್ಲಿ ಚಹಾ ಹಿಡಿದು ನಿಂತರೆ ಕನ್ನಡ, ಮರಾಠಿ, ದಖನಿ, ತೆಲುಗು ಎಲ್ಲವೂ ಕಿವಿಗೆ ಬೀಳುತ್ತವೆ. ತರಕಾರಿ ಕೊಳ್ಳುವ ಹೆಂಗಸು ಒಂದು ಭಾಷೆಯಲ್ಲಿ ಬೆಲೆ ಕೇಳಿ, ಇನ್ನೊಂದರಲ್ಲಿ ಚೌಕಾಸಿ ಮಾಡಿ, ಮತ್ತೊಂದರಲ್ಲಿ ಮಗನನ್ನು ಗದರುತ್ತಾಳೆ.

ದೂರದೂರಿನಿಂದ ಕೆಲಸಕ್ಕೆಂದು ಬಂದ ನನ್ನಂಥವರು ಇಲ್ಲಿ ಬಹಳ ಮಂದಿ. ಬ್ಯಾಂಕಿನವರು, ಶಾಲೆಯ ಮೇಷ್ಟ್ರುಗಳು, ನಂದಿನಗರದ ಪಶು ವಿಶ್ವವಿದ್ಯಾಲಯದಲ್ಲಿ ಓದುವವರು, ವಾಯುಪಡೆ ನೆಲೆಗೆ ತರಬೇತಿಗೆ ಬಂದ ಹುಡುಗರು. ಬೆಂಗಳೂರು ಸುಮಾರು 700 ಕಿಲೋಮೀಟರ್ ದೂರ, ಹೈದರಾಬಾದು 140. ವಾರ ಮುಗಿಯುತ್ತಲೇ ಹಲವರು ಬ್ಯಾಗು ಹೆಗಲಿಗೇರಿಸಿ ಬಸ್ ನಿಲ್ದಾಣಕ್ಕೆ ಧಾವಿಸುತ್ತಾರೆ, ವರ್ಗಾವಣೆಯ ಮೇಲೆ ಕಣ್ಣಿಟ್ಟೇ ವರ್ಷ ಕಳೆಯುತ್ತಾರೆ. ಅವರನ್ನು ನಾನು ಕೇಳಿಕೊಳ್ಳುವುದಿಷ್ಟೆ: ವಾರಾಂತ್ಯಕ್ಕೆ ಇಲ್ಲೇ ಉಳಿಯಿರಿ. ಹೊರಗಿನಿಂದ ಬಂದವರ ಜೊತೆ ಬಾಳುವುದು ಹೇಗೆಂದು ಈ ಊರಿಗೆ ಆರು ಶತಮಾನಗಳಿಂದ ಗೊತ್ತು. ಅದು ತಪ್ಪಿದರೆ ಏನಾಗುತ್ತದೆ ಎಂಬುದೂ ಗೊತ್ತು.

ಚೌಬಾರಾದಿಂದ ಕೋಟೆಯ ದಿಕ್ಕಿಗೆ ನಾಲ್ಕು ಹೆಜ್ಜೆ ಹಾಕಿದರೆ ಮಹಮೂದ್ ಗವಾನನ ಮದರಸಾ. 1472ರಲ್ಲಿ ಕಟ್ಟಿದ ಮೂರಂತಸ್ತಿನ ವಿದ್ಯಾಲಯ ಇದು. ಉಳಿದಿರುವುದು ಒಂದೇ ಮಿನಾರು. ಅದರ ಮೈಮೇಲೆ ನೀಲಿ, ಹಳದಿ, ಬಿಳಿ ಹೆಂಚುಗಳು ಅಂಕುಡೊಂಕು ಗೆರೆಗಳಾಗಿ ಇನ್ನೂ ಹೊಳೆಯುತ್ತವೆ. 17ನೇ ಶತಮಾನದ ಕೊನೆಯಲ್ಲಿ ಮದ್ದು ಸಿಡಿದು ಕಟ್ಟಡದ ಒಂದು ಭಾಗವೇ ಹಾರಿಹೋಯಿತು. ಗವಾನ್ ಇರಾನಿನ ಗಿಲಾನ್ ಪ್ರಾಂತದವನು, 1453ರ ಸುಮಾರಿಗೆ ವ್ಯಾಪಾರಕ್ಕೆಂದು ಬಂದವನು. ಬಹಮನಿ ದೊರೆಗಳ ಪ್ರಧಾನಿಯಾದ ಮೇಲೂ ತನ್ನ ದುಡಿಮೆಯನ್ನು ಈ ವಿದ್ಯಾಲಯಕ್ಕೆ ಸುರಿದ. ಆದರೆ ಹೊರಗಿನಿಂದ ಬಂದ ಅಫಾಕಿಗಳಿಗೂ ಇಲ್ಲೇ ಬೇರುಬಿಟ್ಟ ದಖನಿಗಳಿಗೂ ದರಬಾರಿನಲ್ಲಿ ಜಗಳ ಹತ್ತಿತ್ತು. ಗವಾನನ ಮುದ್ರೆ ಒತ್ತಿದ ಖಾಲಿ ಹಾಳೆಯ ಮೇಲೆ ವಿರೋಧಿಗಳು ರಾಜದ್ರೋಹದ ಪತ್ರ ಬರೆದರು, ಸುಲ್ತಾನ ನಂಬಿದ. 1481ರಲ್ಲಿ ಆ ಮುದುಕನ ತಲೆ ಉರುಳಿತು. ಮರುವರ್ಷ ಸುಲ್ತಾನನೂ ಸತ್ತ. ಮುಂದಿನ ಕೆಲವೇ ದಶಕಗಳಲ್ಲಿ ರಾಜ್ಯ ಐದು ಹೋಳಾಯಿತು. ಊರ ಹೊರಗೆ ಗೋರನಳ್ಳಿಯ ಬಳಿ ಗವಾನನ ಸಾದಾ ಸಮಾಧಿ ಇದೆ. ಅಲ್ಲಿಗೆ ಹೋಗುವವರು ಕಡಿಮೆ. ಹೋಗಬೇಕು.

ಕೋಟೆಯೊಳಗೆ ಎಲ್ಲರೂ ರಂಗೀನ ಮಹಲಿನ ಕಪ್ಪುಕಲ್ಲಿನಲ್ಲಿ ಕೂರಿಸಿದ ಮುತ್ತಿನಚಿಪ್ಪಿನ ಬಳ್ಳಿಗಳನ್ನು ನೋಡುತ್ತಾರೆ. ನಾನು ಮೊದಲು ಕಾಲಡಿಯ ಮಣ್ಣು ನೋಡುತ್ತೇನೆ. ಬಿದರಿ ಕೆಲಸದವರಿಗೆ ಇದೇ ಮಣ್ಣು ಬೇಕು. ಸತು ಮತ್ತು ತಾಮ್ರದ ಎರಕದಲ್ಲಿ ಬೆಳ್ಳಿಯ ಎಳೆ ಬಡಿದು, ಕೋಟೆಯ ಹಳೇ ಮಣ್ಣಿನ ಜೊತೆ ನವಸಾಗರ ಕಲಸಿ ಕುದಿಸಿ ಹಚ್ಚಿದರೆ ಎರಕ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಪರ್ಷಿಯಾದ ಕಡೆಯಿಂದ ಬಂದಿತೆನ್ನುವ ಕಲೆಗೆ ಈ ನೆಲವೇ ಬಣ್ಣ ಕೊಟ್ಟಿದೆ.

1470ರ ಆಸುಪಾಸಿನಲ್ಲಿ ಈ ಕೋಟೆಯ ಬಾಗಿಲ ಮುಂದೆ ಇನ್ನೊಬ್ಬ ಪರದೇಶಿ ನಿಂತಿದ್ದ. ರಷ್ಯಾದ ತ್ವೇರ್ ಊರಿನ ವ್ಯಾಪಾರಿ ಅಫನಾಸಿ ನಿಕಿತಿನ್. ಮಾರಲು ತಂದಿದ್ದು ಒಂದು ಕುದುರೆ. ಸರದಾರರ ವೈಭವವನ್ನೂ ನೆಲದ ಜನರ ಬಡತನವನ್ನೂ ಒಂದೇ ಕಣ್ಣಿನಿಂದ ಕಂಡು ಬರೆದಿಟ್ಟವನು. ತನ್ನ ಧರ್ಮ ಯಾವುದೆಂದು ಬಾಯಿಬಿಟ್ಟು ಹೇಳಿದ ಮೇಲೆ ಇಲ್ಲಿನ ಜನ ತಮ್ಮ ಊಟ, ಪೂಜೆ, ವ್ಯವಹಾರ ಯಾವುದನ್ನೂ ಅವನಿಂದ ಮುಚ್ಚಿಡಲಿಲ್ಲ. ಶಿವರಾತ್ರಿಗೆ ತಮ್ಮ ಜೊತೆ ಶ್ರೀಶೈಲಕ್ಕೂ ಕರೆದೊಯ್ದರು. ಹೊಸಬರಿಗೆ ಬೀದರದಲ್ಲಿ ಬಾಗಿಲು ತೆರೆಯುವ ಬಗೆ ಇಂದಿಗೂ ಇದೇ: ನೀವು ಯಾರೆಂದು ನೇರವಾಗಿ ಹೇಳಿ, ಅವರ ಜೊತೆ ಹೊರಡಿ.

ಮಧ್ಯಾಹ್ನ ಅಷ್ಟೂರಿಗೆ. ಬಹಮನಿ ದೊರೆಗಳ ಗುಮ್ಮಟಗಳು ಹೊಲಗಳ ನಡುವೆ ಸಾಲಾಗಿ ನಿಂತಿವೆ. ಹುಮಾಯೂನನ ಗುಮ್ಮಟ ಸಿಡಿಲಿಗೆ ಸಿಕ್ಕಿ ಅರ್ಧ ಕುಸಿದು, ಗೋಡೆಯ ದಪ್ಪ ಬಯಲಿಗೇ ಕಾಣುತ್ತದೆ. ಅಹಮದ್ ಶಾಹ ವಲಿಯ ಸಮಾಧಿಯ ಒಳಗೋಡೆ, ಛಾವಣಿಗಳ ತುಂಬ ಬಂಗಾರ ಬೆರೆತ ಚಿತ್ತಾರ. ರಾಜಧಾನಿಯನ್ನು ಕಲಬುರಗಿಯಿಂದ ಬೀದರಕ್ಕೆ ತಂದವನು ಇವನೇ. ಉರುಸಿನಲ್ಲಿ ಕಲಬುರಗಿ ಜಿಲ್ಲೆಯ ಮಾಡಿಯಾಳದಿಂದ ಬರುವ ಜಂಗಮರಿಗೆ ಮೊದಲ ಮರ್ಯಾದೆ. ಈ ಸುಲ್ತಾನನನ್ನು ಅಲ್ಲಮಪ್ರಭು ಎಂದು ನಂಬಿ ತೆಂಗಿನಕಾಯಿ ಒಡೆಯುವವರ ಪಕ್ಕದಲ್ಲೇ ಫಾತಿಹಾ ಓದುವವರು ನಿಲ್ಲುತ್ತಾರೆ.

ಇನ್ನೊಂದು ರಜೆಗೆ ಪರಳಿ ಕಡೆಯ ರೈಲು ಹತ್ತಿ ಭಾಲ್ಕಿಗೆ ಹೋಗಿ. ಕೆಂಪು ಮುರ್ರಂ ನೆಲ ಹಿಂದೆ ಸರಿದು ಎರೆಹೊಲ ಶುರುವಾಗುತ್ತದೆ. ತೊಗರಿ, ಸೋಯಾ, ಉದ್ದು, ಹೆಸರು ಇಲ್ಲಿನ ಬೆಳೆ. ಭಾಲ್ಕಿಯ ಹಿರೇಮಠದಲ್ಲಿ ನನಗೆ ಬೀದರದ ಕತೆ ತಿರುವುಮುರುವಾಗಿ ಕಂಡಿತು. ನಿಜಾಮರ ಕಾಲದಲ್ಲಿ ಈ ನೆಲದಲ್ಲಿ ಹೊರಗಿನವಳಂತೆ ಬದುಕಿದ್ದು ಕನ್ನಡವೇ. ಮಠದ ಚನ್ನಬಸವ ಪಟ್ಟದ್ದೇವರು (1890–1999) ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರು. ಬಸವಕಲ್ಯಾಣದ ಅನುಭವ ಮಂಟಪ ಎದ್ದಿದ್ದೂ ಅವರ ದುಡಿಮೆಯಿಂದಲೇ. ದಕ್ಷಿಣದಿಂದ ಬಂದ ನಾವು ಇಲ್ಲಿ ಕನ್ನಡದಲ್ಲಿ ಬಸ್ಸಿನ ಫಲಕ ಓದಿ ಹತ್ತುತ್ತೇವಲ್ಲ, ಅದರ ಹಿಂದೆ ಈ ದುಡಿಮೆ ಇದೆ. ಇಲ್ಲಿನವರ ಕನ್ನಡ ಕೇಳಿ ನಗುವ ಹೊಸಬರು ಒಮ್ಮೆ ಈ ಮಠದ ಅಂಗಳದಲ್ಲಿ ಕೂತು ಹೋಗಲಿ.

ಔರಾದಕ್ಕೆ ಬಸ್ಸೇ ಸರಿ. ಕೌಠಾದ ಬಳಿ ಮಾಂಜ್ರಾ ನದಿ ದಾಟಿದರೆ ರಾಜ್ಯದ ತುತ್ತತುದಿಯ ತಾಲ್ಲೂಕು. ಒಂದು ಮಗ್ಗುಲಿಗೆ ಮಹಾರಾಷ್ಟ್ರ, ಇನ್ನೊಂದಕ್ಕೆ ತೆಲಂಗಾಣ. ಊರ ದೇವರು ಅಮರೇಶ್ವರ. ಜಾತ್ರೆಯಲ್ಲಿ ಕಪ್ಪು ಮಚ್ಚೆಯ ಬಿಳಿ ದೇವಣಿ ಎತ್ತುಗಳನ್ನು ನೋಡಬೇಕು. ಆದರೆ ಔರಾದವನ್ನು ತಿಳಿಯಲು ಎಳ್ಳಮಾಸಿಗಿಂತ, ಅಂದರೆ ಎಳ್ಳು ಅಮಾವಾಸ್ಯೆಗಿಂತ, ಒಳ್ಳೆಯ ದಿನವಿಲ್ಲ. “ಊರಿಗಿ ಹೋಗಿಲ್ಲೇನ್ರಿ? ಹಂಗಾರ ನಮ್ಮ ಹೊಲಕ್ಕ ಬರ್ರಿ” ಎಂದು ಗುರುತಿಲ್ಲದವರೂ ಕರೆಯುತ್ತಾರೆ. ಜೋಳದ ದಂಟಿನ ಕೊಂಪೆಯೊಳಗೆ ಐದು ಕಲ್ಲುಗಳನ್ನು ಪಾಂಡವರೆಂದು ಪೂಜಿಸಿ, ಹೊಲದ ತುಂಬ ಚರಗ ಚೆಲ್ಲಿ, ಎಲ್ಲರೂ ಸಾಲಾಗಿ ಕೂರುತ್ತಾರೆ. ಹಸಿಕಾಳು, ಸೊಪ್ಪುಗಳನ್ನು ಕಡಲೆಹಿಟ್ಟಿನಲ್ಲಿ ಬೇಯಿಸಿದ ಭಜ್ಜಿ, ಸಜ್ಜೆ ರೊಟ್ಟಿ, ಮಡಕೆಯಲ್ಲಿ ಹುಳಿತ ತಣ್ಣನೆಯ ಅಂಬಲಿ. ಆ ದಿನ ಹೊಲದ ಬದುವಿನಲ್ಲಿ ನಡೆದು ಹೋಗುವವರನ್ನು ಯಾರೂ ಹಸಿದು ಬಿಡುವುದಿಲ್ಲ.

ಇಷ್ಟು ಕೊಡುವ ನೆಲಕ್ಕೆ ನಾವು ಕೊಡುವುದೇನು? ನಾವು ಬೇಗ ಬಿಟ್ಟುಹೋದಷ್ಟೂ ಔರಾದದ ಮಕ್ಕಳು ಮತ್ತೊಬ್ಬ ಮೇಷ್ಟ್ರಿಗೆ, ಭಾಲ್ಕಿಯ ರೋಗಿಗಳು ಮತ್ತೊಬ್ಬ ವೈದ್ಯರಿಗೆ ಕಾಯಬೇಕು. ಕೊನೆಯವರೆಗೂ ಇಲ್ಲೇ ಇರಿ ಎಂದು ನಾನು ಹೇಳುತ್ತಿಲ್ಲ. ನಿಕಿತಿನ್ ಕೂಡ ಹೊರಟುಹೋದ. ಇರುವಷ್ಟು ಕಾಲ ಇದ್ದು ಬಾಳಿ. ಶನಿವಾರ ಸಂಜೆ ನೆರೆಮನೆಯ ಹುಡುಗಿಗೆ ಲೆಕ್ಕ ಹೇಳಿಕೊಡಿ, ಅವಳ ಅಜ್ಜಿಯಿಂದ ರೊಟ್ಟಿ ಬಡಿಯುವುದು ಕಲಿಯಿರಿ. ಹೋಗುವಾಗ ನಿಮ್ಮ ಜಾಗಕ್ಕೆ ಬರುವವರನ್ನು ಹೆದರಿಸದೆ, ಅವರಿಗೆ ಈ ಊರಿನ ದಾರಿ ಹೇಳಿಕೊಟ್ಟು ಹೋಗಿ.